ಅಕ್ಕನ ಕಾಲ್ಗುಣವೂ ಕಾರಿನ ಬೋಲ್ಟೂ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಲ್ಲಿ ನಡುವಿನವಳು ಈಗ ಎಷ್ಟು ಎತ್ತರವಿದ್ದಾಳೋ ಅಷ್ಟೇ ಇದ್ದಾಗ, ನಮ್ಮ ಅಕ್ಕನ ಮದುವೆಯಾಯಿತು. ಮದುವೆಯೆಂದರೆ ನಿಮಗೆ ಛತ್ರ, ಹೊಸ ಬಟ್ಟೆ, ಫೋಟೋ. ನಮಗೆ ಮದುವೆಯೆಂದರೆ ದಣಿವು. ಹೊಳೆನರಸೀಪುರದ ನಮ್ಮ ಮನೆಯ ಮುಂದೆ ಚಪ್ಪರ ಹಾಕಿದ ದಿನದಿಂದ ಯಾರೂ ನೆಟ್ಟಗೆ ಮಲಗಿದ್ದನ್ನು ನಾನು ನೋಡಲಿಲ್ಲ. ಒಲೆಯ ಹೊಗೆಗೆ ಎಲ್ಲರ ಕಣ್ಣೂ ಕೆಂಪಾಗಿದ್ದವು. ಕಾಯಿ ತುರಿದು ತುರಿದು ಅವ್ವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನನಗೂ ಪಾಯಸ ಬಡಿಸಿ ಬಡಿಸಿ ಬೆಲ್ಲದ ವಾಸನೆ ಕಂಡರೆ ಆಗದಂತಾಗಿತ್ತು.

ಎಲ್ಲರಿಗಿಂತ ಹೆಚ್ಚು ದಣಿದವನು ಅಪ್ಪ. ಬಾಡಿಗೆಗೆ ಓಡಿಸುವ ಒಂದು ಹಳೆಯ ಕಪ್ಪು ಕಾರು ಅವನದು. ಅರಕಲಗೂಡಿನ ದೊಡ್ಡಮ್ಮನನ್ನು ಕರೆತರುವುದು, ಹಳ್ಳಿಮೈಸೂರಿನಿಂದ ಬಾಳೆಲೆ ತರುವುದು, ಹಾಸನಕ್ಕೆ ಹೋಗಿ ಬಟ್ಟೆ ತರುವುದು, ಎಲ್ಲಕ್ಕೂ ಅದೇ ಕಾರು, ಅದೇ ಅಪ್ಪ. ಮದುವೆಗೆ ಸ್ವಲ್ಪ ಮುಂಚೆ ಆ ಕಾರಿನ ಹೆಡ್ಡು ಬಿಚ್ಚಿ ಗ್ಯಾಸ್ಕೆಟ್ಟು ಬದಲಾಯಿಸಿದ್ದ. ಹೆಡ್ಡು ಅಂದರೆ ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂತಿರುವ ದಪ್ಪನೆಯ ಅಲ್ಯೂಮಿನಿಯಂ ತುಂಡು. ಅದಕ್ಕೂ ಎಂಜಿನ್ನಿಗೂ ನಡುವೆ ರೊಟ್ಟಿಗಿಂತ ತೆಳ್ಳಗಿನ ಗ್ಯಾಸ್ಕೆಟ್ಟು. ಇವನ್ನೆಲ್ಲ ಒತ್ತಿ ಹಿಡಿಯುವುದು ಉದ್ದುದ್ದ ಬೋಲ್ಟುಗಳು. ಹೊಸ ಗ್ಯಾಸ್ಕೆಟ್ಟು ಬಿಸಿಗೆ ಒತ್ತಿಕೊಂಡು ತಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಆದ್ದರಿಂದ ಒಂದಿಷ್ಟು ಓಡಿಸಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಎಲ್ಲ ಬೋಲ್ಟನ್ನೂ ಇನ್ನೊಂದು ಸಲ ಬಿಗಿ ಮಾಡಬೇಕು. ಅಪ್ಪ ‘ನಾಳೆ ಮಾಡ್ತೀನಿ’ ಅನ್ನುತ್ತಲೇ ಇದ್ದ. ಆ ನಾಳೆ ಮದುವೆಯ ಗಲಾಟೆಯಲ್ಲಿ ಅವನ ಕೈಗೆ ಸಿಗಲಿಲ್ಲ.

ಮದುವೆಯ ಮಾರನೆಯ ದಿನ ಅಕ್ಕನನ್ನು ಚನ್ನರಾಯಪಟ್ಟಣಕ್ಕೆ, ಭಾವನ ಮನೆಗೆ, ಕರೆದುಕೊಂಡು ಹೊರಟೆವು. ಭಾವನ ಮನೆಯವರು ಕೊಬ್ಬರಿ ವ್ಯಾಪಾರದವರು. ಅವರ ಕಡೆಯ ಜನ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿದ್ದರು. ಕಾರಿನಲ್ಲಿ ಮುಂದೆ ಅಪ್ಪ ಮತ್ತು ಭಾವ. ಹಿಂದೆ ಅಕ್ಕ, ಭಾವನ ಸೋದರತ್ತೆ, ನಾನು. ಆ ಸೋದರತ್ತೆಯನ್ನು ಎಲ್ಲರೂ ಅತ್ತೆಮ್ಮ ಎಂದೇ ಕರೆಯುತ್ತಿದ್ದರು. ದೀಪ ಹಚ್ಚುವ ಹೊತ್ತಿನೊಳಗೆ ಸೊಸೆ ಹೊಸ್ತಿಲು ದಾಟಬೇಕು ಎಂದು ಪುರೋಹಿತರು ಖಡಾಖಂಡಿತವಾಗಿ ಹೇಳಿದ್ದರು. ತಡವಾದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅದಕ್ಕೆ ಅತ್ತೆಮ್ಮ ಇದ್ದರಲ್ಲ.

ಕಾಲ್ಗುಣ ಅಂದರೇನು ಗೊತ್ತೇ ನಿಮಗೆ? ಹೊಸ ಸೊಸೆ ಬಂದ ಮೇಲೆ ಮನೆಯಲ್ಲಿ ಒಳ್ಳೆಯದಾದರೆ ಅವಳ ಕಾಲ್ಗುಣ ಒಳ್ಳೆಯದು. ಹಸು ಸತ್ತರೆ, ಕೊಬ್ಬರಿ ಬೆಲೆ ಬಿದ್ದರೆ, ಮುದುಕರು ಬಚ್ಚಲಲ್ಲಿ ಜಾರಿದರೆ, ಎಲ್ಲಕ್ಕೂ ಅವಳ ಕಾಲೇ ಕಾರಣ. ಒಂದು ಸಲ ಆ ಮಾತು ಅಂಟಿತೋ ಮುಗಿಯಿತು, ಮುದುಕಿಯಾದರೂ ಬಿಡುವುದಿಲ್ಲ. ಅಕ್ಕ ಹೊರಡುವಾಗ ಅವ್ವ ಅವಳ ಕಿವಿಯಲ್ಲಿ ಹೇಳಿದ್ದು ಅದೊಂದೇ, ‘ಹೊತ್ತಿಗ್ ಸರಿಯಾಗಿ ಒಳಗ್ ಓಗವ್ವ, ಒಂದು ಮಾತು ಬರೋದು ಬ್ಯಾಡ.’

ಅರ್ಧ ದಾರಿಯಾಗಿತ್ತು. ಕಾರಿನೊಳಗೆ ಬಾಡಿದ ಮಲ್ಲಿಗೆ, ಅರಿಸಿನ, ಪೆಟ್ರೋಲು, ಬೆವರು ಎಲ್ಲ ಸೇರಿ ಒಂದು ವಾಸನೆ. ಕಾದ ಸೀಟು ತೊಡೆಗೆ ಅಂಟಿಕೊಳ್ಳುತ್ತಿತ್ತು. ನಾನು ತೂಕಡಿಸುತ್ತಿದ್ದೆ. ಕಾರು ಎರಡು ಸಲ ಕೆಮ್ಮಿ ಜಗ್ಗಿತು, ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದಿತು. ಅಪ್ಪ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತ. ಆಮೇಲೆ ಇಳಿದು ಬಾನೆಟ್ಟು ಎತ್ತಿದ. ಹೆಡ್ಡಿನ ಪಕ್ಕದಲ್ಲಿ ನೀರು ಸಣ್ಣಗೆ ಗುಳ್ಳೆ ಗುಳ್ಳೆಯಾಗಿ ಜಿನುಗುತ್ತಿತ್ತು.

‘ಗ್ಯಾಸ್ಕೆಟ್ ಇನ್ನಾ ಓಗಿಲ್ಲ ಅಳಿಯಂದ್ರೇ. ಬೋಲ್ಟು ಸಡ್ಲ ಬಂದವೆ. ತಣ್ಣಗಾದ್ಮೇಲೆ ಬಿಗಿ ಮಾಡಿದ್ರೆ ಮನೆ ಸೇರಬೋದು. ಇಂಗೇ ಓಡುಸುದ್ರೆ ಎಲ್ಲಾ ಕೆಟ್ಟೋಯ್ತದೆ.’

‘ಎಷ್ಟೊತ್ತಾಗ್ಬೋದು ಮಾವ?’ ಎಂದು ಭಾವ ಕೇಳಿದರು.

‘ಮುಟ್ಟುದ್ರೆ ಕೈ ಸುಡಬಾರ್ದು. ಅಷ್ಟೊತ್ತು.’

ಭಾವ ಸೂರ್ಯನ ಕಡೆ ನೋಡಿದರು. ಅತ್ತೆಮ್ಮ ಕಾರಿನೊಳಗಿಂದಲೇ, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು, ‘ಕಾಲ್ಗುಣ ಅಂತಾರಲ್ಲ, ಸುಮ್ನೆ ಅಂತಾರಾ? ಹೊಸ್ತಿಲು ಮೆಟ್ಟೋಕೆ ಮುಂಚೇನೇ ಕಾರು ನಿಂತೋಯ್ತು.’

ಅಕ್ಕ ಕಂಕಣ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆ ಬಗ್ಗಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಮ್ಮನ ಸೆರಗಿಗೆ ಒಂದು ಹಿಡಿ ಕಟ್ಟಿರುವೆ ಬಿಡೋಣವೆಂದು ಮರದ ಬುಡವನ್ನೆಲ್ಲ ಹುಡುಕಿದೆ. ಅವತ್ತಿಗೆ ಒಂದೂ ಇರಲಿಲ್ಲ.

ಭಾವನಿಗೂ ಆ ಮಾತು ಚುಚ್ಚಿರಬೇಕು. ಹೇಗಾದರೂ ಬೇಗ ಹೊರಡಬೇಕೆಂದು, ಮದುವೆಯಲ್ಲಿ ಕೊಟ್ಟಿದ್ದ ಹೊಸ ಹಿತ್ತಾಳೆ ಬಿಂದಿಗೆಯನ್ನು ಡಿಕ್ಕಿಯಿಂದ ತೆಗೆದುಕೊಂಡು ಹತ್ತಿರದ ಕೆರೆಗೆ ಹೋಗಿ ನೀರು ತುಂಬಿಕೊಂಡು ಬಂದರು. ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಲ್ಲಿಟ್ಟು ಆರಿಸುತ್ತೇವಲ್ಲ, ಹಾಗೆ ಎಂಜಿನ್ನನ್ನೂ ಆರಿಸಬಹುದೆಂದು ಅವರ ಲೆಕ್ಕ. ಬಿಂದಿಗೆ ಎತ್ತಿ ಇನ್ನೇನು ಹೆಡ್ಡಿನ ಮೇಲೆ ಬಗ್ಗಿಸಬೇಕು, ಅಪ್ಪ ಕಿರುಚಿದ.

‘ಲೇ! ಇಡ್ಲಾ ಕೆಳೀಕೆ!’

ಕಾದ ಹೆಡ್ಡಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಸೀಳಿಯೂ ಬಿಡಬಹುದು. ಆಮೇಲೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಅಪ್ಪ ಕೂಗುತ್ತಲೇ ಬಲಗೈ ಅಡ್ಡ ಕೊಟ್ಟು ಬಿಂದಿಗೆಯನ್ನು ತಳ್ಳಿದ. ಒಂದಿಷ್ಟು ನೀರು ಸೈಲೆನ್ಸರಿನ ಕೊಳವೆಯ ಮೇಲೆ ಚೆಲ್ಲಿತು. ಬುಸ್ಸೆಂದು ಎದ್ದ ಹಬೆ ಅಪ್ಪನ ಅಂಗೈಗೆ ಹೊಡೆಯಿತು.

ಅಂಗೈ ಸುಟ್ಟಿದ್ದು ದೊಡ್ಡದಲ್ಲ ಮಕ್ಕಳೇ. ಆ ‘ಲೇ’ ದೊಡ್ಡದು. ಆ ಕಾಲದಲ್ಲಿ ಅಳಿಯ ಬಂದರೆ ಮಾವ ಎದ್ದು ನಿಲ್ಲುತ್ತಿದ್ದ, ವಯಸ್ಸಿನಲ್ಲಿ ಎಷ್ಟೇ ಚಿಕ್ಕವನಾದರೂ ‘ಬನ್ನಿ, ಕೂತ್ಕಳಿ’ ಎಂದೇ ಕರೆಯುತ್ತಿದ್ದ. ಹಿಂದಿನ ದಿನ ತಾನೇ ಕಾಲು ತೊಳೆದು ಮಗಳನ್ನು ಧಾರೆ ಎರೆದುಕೊಟ್ಟ ಅಳಿಯನಿಗೆ, ನಡುರಸ್ತೆಯಲ್ಲಿ, ಅವನ ಸೋದರತ್ತೆಯ ಎದುರಿಗೆ ಅಪ್ಪ ‘ಲೇ’ ಅಂದುಬಿಟ್ಟಿದ್ದ. ಅತ್ತೆಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಭಾವ ಬಿಂದಿಗೆಯನ್ನು ನೆಲಕ್ಕಿಟ್ಟರು. ‘ಬಾಯಿ ತಪ್ತು ಅಳಿಯಂದ್ರೇ, ಮನಸ್ಸಿಗ್ ತಗಬ್ಯಾಡಿ’ ಎಂದು ಅಪ್ಪ ಸುಟ್ಟ ಕೈಯನ್ನೂ ಸೇರಿಸಿ ಮುಗಿದ. ಭಾವ ದೂರ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತರು.

ಆಮೇಲೆ ಕಾಯುವುದು. ಅಷ್ಟು ಉದ್ದದ ಸಂಜೆಯನ್ನು ನಾನು ಮತ್ತೆ ಕಂಡಿಲ್ಲ. ಎಂಜಿನ್ನು ಟಿಕ್ ಟಿಕ್ ಎಂದು ಆರುತ್ತಿತ್ತು. ರಾಗಿ ಹೊಲದ ಮೇಲೆ ಬಿಸಿಲು ಹಳದಿಗೆ ತಿರುಗಿತು. ದನ ಮನೆ ಕಡೆ ಹೊರಟವು. ಅತ್ತೆಮ್ಮ ಅಕ್ಕನ ಹೆಗಲಿಗೆ ತಲೆ ಕೊಟ್ಟು ಗೊರಕೆ ಹೊಡೆದರು. ಅಷ್ಟು ಮಾತು ಆಡಿಸಿಕೊಂಡಿದ್ದರೂ ಅಕ್ಕ ಹೆಗಲು ಅಲುಗಿಸಲಿಲ್ಲ. ಅಪ್ಪ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಒಬ್ಬ ಮನುಷ್ಯ ಅಷ್ಟು ದಣಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಅಪ್ಪ ಎದ್ದು ಎಡಗೈಯಿಂದ ಹೆಡ್ಡನ್ನು ಮುಟ್ಟಿದ. ಆರಿತ್ತು. ಉದ್ದ ಹಿಡಿಯ ಬಾಕ್ಸ್ ಸ್ಪ್ಯಾನರ್ ತೆಗೆದುಕೊಂಡ. ಬಲಗೈ ಮುಷ್ಟಿ ಕಟ್ಟಲು ಬರಲಿಲ್ಲ. ಎರಡು ಸಲ ಹಿಡಿದು ನೋಡಿದ, ಸ್ಪ್ಯಾನರ್ ಜಾರಿ ಬಿತ್ತು. ಅದನ್ನು ಎತ್ತಿಕೊಂಡವರು ಭಾವ. ಯಾವಾಗ ಬಂದರೋ ಗೊತ್ತಿಲ್ಲ, ರೇಷ್ಮೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದರು.

‘ಏನ್ ಮಾಡ್ಬೇಕು ಹೇಳಿ ಮಾವ’ ಅಂದು ತುದಿಯ ಬೋಲ್ಟಿಗೆ ಸ್ಪ್ಯಾನರ್ ಇಟ್ಟರು.

‘ಅದಲ್ಲ. ನಡುವಿಂದು.’

ಎಲ್ಲರೂ ತಿರುಗಿ ನೋಡಿದೆವು. ಅಕ್ಕ ಕಾರಿನಿಂದ ಇಳಿದು ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಮದುವೆಯಾದ ಮೇಲೆ ಅಕ್ಕ ಭಾವನ ಜೊತೆ ಆಡಿದ ಮೊದಲ ಮಾತು ಅದು. ನಿಮ್ಮ ಸಿನಿಮಾಗಳಲ್ಲಿ ಎಂಥೆಂಥದೋ ಹೇಳುತ್ತಾರೆ, ನಮ್ಮ ಅಕ್ಕ ಹೇಳಿದ್ದು ‘ಅದಲ್ಲ, ನಡುವಿಂದು.’

ಮನೆಯಲ್ಲಿ ಅಪ್ಪ ರಿಪೇರಿ ಮಾಡುವಾಗಲೆಲ್ಲ ಸ್ಪ್ಯಾನರ್ ಕೊಡುತ್ತಿದ್ದವಳು ಅವಳೇ. ಹೆಡ್ಡಿನ ಬೋಲ್ಟನ್ನು ಒಂದು ತುದಿಯಿಂದ ಬಿಗಿ ಮಾಡುತ್ತ ಬಂದರೆ ಇನ್ನೊಂದು ತುದಿ ಏಳುತ್ತದೆ. ನಡುವಿನಿಂದ ಶುರುಮಾಡಿ ಆ ಕಡೆಗೊಂದು, ಈ ಕಡೆಗೊಂದು ಎಂದು ಹೊರಕ್ಕೆ ಹೋಗಬೇಕು. ಅಕ್ಕ ಅದನ್ನು ಚುಕ್ಕಿ ರಂಗೋಲಿಯಾಗಿ ನೆನಪಿಟ್ಟುಕೊಂಡಿದ್ದಳು. ರಂಗೋಲಿಯಲ್ಲೂ ಮೊದಲು ಇಡುವುದು ನಡುವಿನ ಸಾಲು, ಆಮೇಲೆ ಅದರ ಎರಡೂ ಪಕ್ಕ.

ಕತ್ತಲು ಕವಿಯುತ್ತಿತ್ತು. ಅಕ್ಕ ಬೆರಳಲ್ಲಿ ಬೋಲ್ಟನ್ನು ತಡವಿ ಸ್ಪ್ಯಾನರಿನ ಬಾಯಿ ಕೂರಿಸುವಳು. ಭಾವ ಕೊಂಚ ಸಡಿಲಿಸಿ, ಮತ್ತೆ ಉಸಿರು ಕಟ್ಟಿ ಎಳೆಯುವರು. ಅಪ್ಪ ಭಾವನ ತೋಳಿನ ಮೇಲೆ ಎಡಗೈ ಇಟ್ಟು, ಅದು ಬಿಗಿಯುವುದರಲ್ಲೇ ಅಂದಾಜು ಹಿಡಿದು ‘ಇನ್ನಷ್ಟು, ಇನ್ನೊಸಿ, ಸಾಕು’ ಅನ್ನುವನು. ‘ಈಗ ಆ ಕಡೇದು.’ ‘ಇದಾ?’ ‘ಅದರ ಪಕ್ಕದ್ದು.’ ನಡುವೆ ಅಪ್ಪ ಮೈಮರೆತು ಇನ್ನೊಂದು ಸಲ ‘ಸಾಕು ಬಿಡ್ಲಾ, ಮುರುದ್‌ಗಿರುದಾತು’ ಅಂದುಬಿಟ್ಟ. ಈ ಸಲ ಭಾವ ನಕ್ಕರು. ಅವರು ನಕ್ಕಿದ್ದಕ್ಕೆ ಅಕ್ಕನೂ ನಕ್ಕಳು. ನನಗೆ ಅಳು ಬಂತು, ಯಾಕೆಂದು ಗೊತ್ತಿಲ್ಲ. ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ರೇಡಿಯೇಟರಿಗೆ ಹಾಕಿ ಕಾರು ಚಾಲೂ ಮಾಡಿದೆವು. ಹೆಡ್ಡಿನ ಪಕ್ಕ ಒಣಗಿಯೇ ಇತ್ತು. ಸುಟ್ಟ ಕೈಗೆ ಟವಲು ಸುತ್ತಿಕೊಂಡು ಅಪ್ಪನೇ ಮೆಲ್ಲಗೆ ಓಡಿಸಿದ.

ಚನ್ನರಾಯಪಟ್ಟಣ ಸೇರಿದಾಗ ಊರೆಲ್ಲ ದೀಪ ಹತ್ತಿತ್ತು. ಭಾವನ ಮನೆಯ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಅವರ ತಾಯಿ ನಿಂತಿದ್ದರು. ಹಿಂದೆ ಬೀದಿಯ ಹೆಂಗಸರೆಲ್ಲ. ‘ಯಾಕಿಷ್ಟೊತ್ತು? ಗಳಿಗೆ ಮೀರೋಯ್ತಲ್ಲ!’ ಎಂದು ಯಾರೋ ಕೇಳಿದರು. ಅತ್ತೆಮ್ಮ ಎಲ್ಲರಿಗಿಂತ ಮೊದಲು ಇಳಿದು, ‘ಏನ್ ಹೇಳ್ಲಿ, ಇವಳ ಕಾಲ್...’ ಎಂದು ಶುರುಮಾಡಿದರು. ಅಕ್ಕ ನನ್ನ ಕೈಯನ್ನು ನೋಯುವಷ್ಟು ಬಿಗಿ ಹಿಡಿದಳು.

‘ಬೋಲ್ಟು ಸಡ್ಲ ಆಗಿತ್ತು ಕಣವ್ವ’ ಎಂದು ಭಾವ ನಡುವೆ ಬಾಯಿ ಹಾಕಿದರು. ‘ಇವಳು ತೋರಿಸ್ಕೊಟ್ಲು, ನಾನು ಬಿಗಿ ಮಾಡ್ದೆ. ಇಲ್ದಿದ್ರೆ ಈ ಅತ್ತೆಮ್ಮ ಇವತ್ತು ಹೊಂಗೆ ಮರದಡೀಲೇ ಮಲಗಬೇಕಾಗಿತ್ತು.’

ಅವರ ತಾಯಿ ಮಗನ ಕೈ ನೋಡಿದರು. ಆಮೇಲೆ ಅಕ್ಕನ ಕೈ ಹಿಡಿದು ಆರತಿಯ ಬೆಳಕಿಗೆ ತಂದರು. ಅರಿಸಿನದ ಮೇಲೆಲ್ಲ ಕಪ್ಪು ಎಣ್ಣೆ, ಕಂಕಣವೂ ಕಪ್ಪು. ಆ ತಾಯಿ ನಿಧಾನವಾಗಿ ಹೇಳಿದರು, ‘ಕಾಲ್ಗುಣದ ಮಾತು ಬಿಡಿ. ಕೈಗುಣ ಇರೋ ಸೊಸೆ ಬಂದಿದಾಳೆ. ಬಾರವ್ವ ಒಳಕ್ಕೆ, ಸಾಕಾಗೋಗಿದೀಯ.’

ಅಕ್ಕ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಹೋದಳು. ಊಟಕ್ಕೆ ಕರೆಯುವಷ್ಟರಲ್ಲಿ ಅಪ್ಪ ಜಗಲಿಯ ಮೇಲೆ ನಿದ್ದೆ ಹೋಗಿದ್ದ. ಭಾವ ಅವನ ಸುಟ್ಟ ಅಂಗೈಗೆ ಬೆಣ್ಣೆ ಸವರುತ್ತಿದ್ದರು. ಅವನಿಗೆ ಎಚ್ಚರವಾಗಲಿಲ್ಲ.

ಮೊನ್ನೆ ನಿಮ್ಮಪ್ಪನ ಜೊತೆ ಹಾಸನದ ಗ್ಯಾರೇಜಿಗೆ ಹೋಗಿದ್ದಾಗ ಅಲ್ಲಿಯ ಹುಡುಗನನ್ನು ಕೇಳಿದೆ. ನಿಮ್ಮ ಕಾರಿನ ಹೆಡ್ ಬೋಲ್ಟನ್ನು ಎರಡನೆಯ ಸಲ ಬಿಗಿ ಮಾಡುವ ಹಾಗೇ ಇಲ್ಲವಂತೆ. ಹಾಕುವಾಗಲೇ ಲೆಕ್ಕ ಹಾಕಿ ಹಿಗ್ಗಿಸಿ ಕೂರಿಸುತ್ತಾರಂತೆ, ಬಿಚ್ಚಿದರೆ ಎಸೆದು ಹೊಸದು ಹಾಕುತ್ತಾರಂತೆ. ಒಳ್ಳೆಯದೇ ಆಯಿತು. ನಿಮ್ಮಪ್ಪ ಮರದ ಕೆಳಗೆ ಚಕ್ರಕ್ಕೆ ಒರಗಿ ಕೂರಬೇಕಾಗಿಲ್ಲ. ಅಳಿಯನಿಗೆ ‘ಲೇ’ ಅಂದರೂ ಈಗ ಯಾರ ಬಾಯೂ ತೆರೆದುಕೊಳ್ಳುವುದಿಲ್ಲ.

ಆದರೆ ಹೋದ ತಿಂಗಳು ದುದ್ದದಲ್ಲಿ ಒಂದು ಮದುವೆಗೆ ಹೋಗಿದ್ದೆವಲ್ಲ, ಅಲ್ಲಿ ಮದುಮಗಳು ಬಂದ ಕಾರಿನ ಏಸಿ ಕೆಟ್ಟಿತ್ತು. ನನ್ನ ಹಿಂದೆ ಕೂತಿದ್ದವರು ಅದೇ ಮಾತು ಆಡಿದರು. ಅದೇ ಕಾಲ್ಗುಣ, ಅದೇ ದನಿ. ಆ ಹುಡುಗಿ ಕೇಳಿಸಿಕೊಂಡು ತಲೆ ಬಗ್ಗಿಸಿದಳು. ಎದ್ದು ಹೋಗಿ ನಾಲ್ಕು ಮಾತು ಹೇಳಬೇಕೆಂದುಕೊಂಡೆ. ಮಂಡಿ ಹಿಡಿದುಕೊಂಡಿತ್ತು, ನನಗೂ ಸಾಕಾಗಿತ್ತು, ಏಳಲಾಗಲಿಲ್ಲ. ನೀವು ಅಲ್ಲೇ ಐಸ್‌ಕ್ರೀಮು ತಿನ್ನುತ್ತ ನಿಂತಿದ್ದಿರಿ. ನಿಮ್ಮ ಮಂಡಿಗಳು ಗಟ್ಟಿಯಾಗಿವೆ. ಮುಂದಿನ ಸಲ ನೀವು ಹೋಗಿ.