ಗೆರೆಯ ಪಕ್ಕ ನಿಂತ ಬಸಪ್ಪ

ಶಿರಸಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸು ಮೂವತ್ತು ಚಿಲ್ಲರೆ ಮೈಲು ಕಳೆದು ಯಲ್ಲಾಪುರ ತಲುಪಿದಾಗ ಹತ್ತೂವರೆ. ಟಿಕೆಟ್ಟಿಗೆ ಒಂದೂಕಾಲು ರೂಪಾಯಿ ಕೊಟ್ಟ ನೆನಪು. ನಯಾಪೈಸೆ ಆಗಷ್ಟೇ ಬಂದಿತ್ತು, ತಪ್ಪಿರಲೂಬಹುದು. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ಬಸ್ಸು ಮೂರಕ್ಕೆ. ಅವಲಕ್ಕಿ, ಚಹಾ ಮುಗಿಸಿದರೂ ಹೊತ್ತು ಹೋಗಲಿಲ್ಲ. ಕೂತಲ್ಲಿ ಕೂರಲಾರದೆ ನಿಲ್ದಾಣದ ಹಿಂದಿನ ಮರದ ಡಿಪೋ ಹೊಕ್ಕೆ.

ಅಲ್ಲಿ ಎತ್ತರದ ಅಟ್ಟಣಿಗೆಯ ಮೇಲೆ ಮತ್ತಿ ಮರದ ದಿಮ್ಮಿ ಏರಿಸಿದ್ದರು. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುವುದು ಇಲ್ಲಿನ ರೀತಿ. ದಿಮ್ಮಿಯ ಮೇಲೆ ಎಳೆದ ಗೆರೆ ತಪ್ಪದೆ ಹಲಗೆ ನೆಟ್ಟಗೆ ಬರುವುದು ಮೇಲಿನವನ ಹೊಣೆ. ಅಂದು ಮೇಲೆ ಹತ್ತಿದ್ದ ಬನವಾಸಿ ಕಡೆಯ ಬಸಪ್ಪನಿಗೆ ಒಂದು ತೋಳಿರಲಿಲ್ಲ. ಲಾರಿಗೆ ಹೇರುವಾಗ ದಿಮ್ಮಿ ಮೈಮೇಲೆ ಉರುಳಿ ತೋಳು ಹೋದದ್ದು. ಆಮೇಲೆ ಡಿಪೋದ ಗೇಟು ಕಾಯುತ್ತಿದ್ದವನು ದಿಮ್ಮಿಯ ಮೇಲಿನ ತನ್ನ ಹಳೆಯ ಜಾಗವೇ ಬೇಕೆಂದು ಹಟ ಹಿಡಿದಿದ್ದ. ಇದು ಅವನ ಪರೀಕ್ಷೆ. ಮೋಟುತೋಳಿನ ಭುಜಕ್ಕೆ ಚರ್ಮದ ಪಟ್ಟಿ ಬಿಗಿದು, ಅದರ ತುದಿಯನ್ನು ಗರಗಸದ ಹಿಡಿಗೆ ಕಟ್ಟಿಕೊಂಡಿದ್ದ.

"ಗೆರೆ ತಪ್ತು ಅಂದ್ರೆ ಮತ್ತೆ ಗೇಟು ಕಾಯೂದೇಯ," ಎಂದರು ಡಿಪೋದ ಯಜಮಾನರಾದ ಹೆಗಡೆಯವರು.

"ಮಾವಾ, ಗೆರಿ ತಪ್ಪಿದ್ರ ತಪ್ಪಲಿ, ನನ್ನ ಕಣ್ಣಾಗ ಪುಡಿ ಸುರೀಬ್ಯಾಡ," ಎಂದ ಕೆಳಗಿದ್ದ ಹನುಮ. ಬಸಪ್ಪನ ಹೆಂಡತಿಯ ತಮ್ಮ.

ವಿಜ್ಞಾನ ಓದಿದ ನನಗೆ ಸುಮ್ಮನಿರಲಾಗಲಿಲ್ಲ. "ಪಟ್ಟಿ ಕಟ್ಟಿದ ಕಡೆಗೆ ಗರಗಸ ತಿರುಗುವುದಿಲ್ಲವೇ?" ಎಂದೆ.

"ತಿರಗ್ತೈತ್ರಿ," ಎಂದ ಬಸಪ್ಪ. "ಮನಿ ಹಿತ್ತಲದಾಗ ಎಲ್ಲಾರ್ಹಂಗ ಗೆರಿ ಮ್ಯಾಲ ನಿಂತು ಎಷ್ಟೋ ಹಲಗಿ ಕೆಡಿಸೀನ್ರಿ. ಈಗ ಪಟ್ಟಿ ಎಳಿಯೂ ಕಡಿಗೆ ಎದುರು ಗೇಣು ಬಾಜೂಕ ನಿಲ್ತೀನಿ, ಗರಗಸ ನೆಟ್ಟಗ ಬರ್ತೈತಿ."

"ಕೆಟ್ಟಿದ್ದನ್ನೆಲ್ಲಾ ನಮ್ಮಕ್ಕ ಒಲಿಗೆ ಹಾಕ್ಯಾಳ್ರಿ," ಎಂದ ಹನುಮ.

ಗರಗಸ ಏರಿಳಿಯತೊಡಗಿತು. ನನಗೆ ನಂಬಿಕೆಯಿರಲಿಲ್ಲ. ಅರ್ಧದಲ್ಲಿ ಮರದ ಗಂಟೊಂದು ಅಡ್ಡ ಬಂದು ಅಲಗು ಸರಿಯತೊಡಗಿತು. ಬಸಪ್ಪ ನಿಲ್ಲಿಸಿದ. ಪಾದವನ್ನು ಇನ್ನಷ್ಟು ಆಚೆ ಇಟ್ಟು ಮತ್ತೆ ಎಳೆದ. ಎರಡೂವರೆಗೆ ಹಲಗೆ ಬೇರ್ಪಟ್ಟಿತು. ಹೆಗಡೆಯವರು ಅಂಚಿಗೆ ಕಣ್ಣಿಟ್ಟು ನೋಡಿ ನನಗೂ ತೋರಿಸಿದರು. ಎಲ್ಲೂ ಬಾಗಿರಲಿಲ್ಲ.

ಆಮೇಲೆ ಅವರು ಗೆರೆ ಹಾಕುವ, ಇದ್ದಿಲ ನೀರಲ್ಲಿ ಅದ್ದಿದ ದಾರವನ್ನು ಬಸಪ್ಪನತ್ತ ಎಸೆದರು. ಆ ದಾರ ಯಾವತ್ತೂ ಮೇಲಿನವನ ಬಳಿಯೇ ಇರತಕ್ಕದ್ದು. ಅವನು ಒಂದು ತುದಿಯನ್ನು ಕಾಲಿನ ಹೆಬ್ಬೆರಳಡಿ ಒತ್ತಿ, ಇನ್ನೊಂದನ್ನು ಹನುಮನಿಗೆ ಕೊಟ್ಟ.

"ಬಿಗಿ ಹಿಡಿಯೋ. ಗೇಟ್ ಕಾಯಾಕ ಇನ್ನ ನನಗ ಪುರಸೊತ್ತಿಲ್ಲ," ಎಂದು ದಾರ ಮೀಟಿದ.

ಬಸ್ಸಿನ ಹಾರ್ನ್ ಕೇಳಿ ಓಡಿದೆ. ಹೋದದ್ದು ಎಡತೋಳೋ ಬಲತೋಳೋ, ಈಗ ಹೇಳಲಾರೆ. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಅವನು ದಿಮ್ಮಿಯ ನಟ್ಟನಡುವೆ ಅಲ್ಲ, ಗೇಣು ಪಕ್ಕಕ್ಕೆ ನಿಂತಿದ್ದ. ಅಷ್ಟು ಖಚಿತ.