ಬಾಗಿಲಲ್ಲಿ ಹುಡುಗರ ಚಪ್ಪಲಿ ಮಾತ್ರ

ಮೊಮ್ಮಗಳು ದೊಡ್ಡ ಓದು ಓದುತ್ತಿದ್ದಾಳೆ. ದೊಡ್ಡವರು ಮಕ್ಕಳ ಮೈಮೇಲೆ ಮಾಡುವ ಹೊಲಸು ಎಷ್ಟು ಮನೆಗಳಲ್ಲಿ ನಡೆದಿದೆ, ಎಷ್ಟನೇ ವಯಸ್ಸಿಗೆ, ಹೆಣ್ಣಿಗೋ ಗಂಡಿಗೋ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಅವಳ ಕಾಗದದಲ್ಲಿ ಅದಕ್ಕೆಲ್ಲ ಬೇರೆ ಬೇರೆ ಚೌಕ ಹಾಕಿದೆ. “ಅಜ್ಜಿ, ನಿಮ್ಮ ಕಾಲದಲ್ಲೂ ಇದೆಲ್ಲ ಇತ್ತಾ?” ಎಂದಳು. ಇತ್ತು. ನಮ್ಮ ಮನೆಯಲ್ಲೇ ಇತ್ತು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿ, ವಿಷಯ ತಿದ್ದಬೇಡಿ.

ಕಾಸರಗೋಡಿನಿಂದ ಮದುವೆಯಾಗಿ ಹೋದವಳು ಮೊದಲು ಕಳಮಶ್ಶೇರಿಯಲ್ಲಿದ್ದೆ. ಗಂಡನಿಗೆ ಫ್ಯಾಕ್ಟರಿಯಲ್ಲಿ ಗುಮಾಸ್ತಗಿರಿ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಇನ್ನೂ ದಕ್ಷಿಣಕ್ಕೆ, ಪಟ್ಟಂನ ಒಂದು ಕಚೇರಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅಲ್ಲೇ ಹತ್ತಿರ ಉಳ್ಳೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಆಗ ಮಗಳಿಗೆ ಒಂಬತ್ತು, ಮಗನಿಗೆ ಆರು. ಕನ್ನಡದಲ್ಲಿ ಕರೆದರೆ ಇಬ್ಬರೂ ಮಲಯಾಳದಲ್ಲಿ ಓಗೊಡುತ್ತಿದ್ದರು. ಅತ್ತೆಯ ಕಾಗದ ಓದಲು ಬಾರದು. ಊರಿಗೆ ಹೋದರೆ, “ಮಕ್ಕಳನ್ನು ಮಲಯಾಳಿಗಳಿಗೆ ಬರೆದುಕೊಟ್ಟಿದ್ದೀಯಾ?” ಎಂದು ಅತ್ತೆ ಎಲ್ಲರ ಎದುರು ಚುಚ್ಚುತ್ತಿದ್ದರು.

ಹತ್ತಿರದಲ್ಲಿ ಕನ್ನಡದ ಮನೆಗಳು ನಾಲ್ಕೈದಿದ್ದವು. ಎಲ್ಲರದ್ದೂ ಇದೇ ಗೋಳು. ಅಷ್ಟರಲ್ಲಿ ನಮ್ಮ ಕಡೆಯ ಒಬ್ಬ ನಿವೃತ್ತ ಮಾಸ್ಟ್ರು ಅಲ್ಲಿಗೆ ಬಂದು ಬಾಡಿಗೆಗೆ ನಿಂತರು. ಆದಿತ್ಯವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇನೆಂದರು. ನಮಗೆ ದೇವರೇ ಬಂದ ಹಾಗಾಯಿತು. ಇಬ್ಬರನ್ನೂ ಕಳಿಸಿದೆ. ಪಕ್ಕದ ಮನೆಯ ಮಲಯಾಳಿ ಗಂಡಸಿನ ಮೇಲೆ ನಮಗೆ ನೂರು ಅನುಮಾನ. ಕನ್ನಡ ಮಾತಾಡಿದವನ ಮೇಲೆ ಒಂದೂ ಇಲ್ಲ.

ಮೂರು ತಿಂಗಳಾದ ಮೇಲೆ ಮಗಳು, “ಅಮ್ಮ, ನಾನಿನ್ನು ಹೋಗುದಿಲ್ಲ” ಎಂದಳು.

“ಯಾಕೆ, ಒತ್ತಕ್ಷರ ಕಷ್ಟವಾ?”

“ಕಾಪಿ ತಿದ್ದುದು ಅಂತ ಒಳಗೆ ಕರೀತಾರೆ. ಅವರು ಮುಟ್ಟುದು ಸರಿ ಇಲ್ಲ.”

ನನಗೆ ಅರ್ಥವಾಯಿತು. ಯಾವ ಹೆಂಗಸಿಗೆ ಅರ್ಥವಾಗುವುದಿಲ್ಲ? “ಯಾರ ಹತ್ರವೂ ಹೇಳ್ಬೇಡ” ಎಂದೆ. ಅವಳಿಗೆ ಹೊಲಿಗೆ ಕಲಿಸುತ್ತೇನೆಂದು ಮಾಸ್ಟ್ರಿಗೆ ಹೇಳಿ ಕಳಿಸಿ ಬಿಡಿಸಿದೆ.

“ತಮ್ಮ?” ಎಂದು ಕೇಳಿದಳು.

“ಅವ ಗಂಡು. ಅವನಿಗೆಂತ ಆಗ್ತದೆ?”

ಒಂಬತ್ತು ವರ್ಷದವಳಿಗೆ ಬಂದ ಪ್ರಶ್ನೆ ನನಗೆ ಬರಲಿಲ್ಲ.

ಆ ವರ್ಷ ಮಗ ಕನ್ನಡವನ್ನು ಪೂರ್ತಿ ಬಿಟ್ಟ. ಊಟಕ್ಕೆ ಕರೆದರೆ “ವೇಂಡ”. ಮೊದಲು ಅಲ್ಪಸ್ವಲ್ಪವಾದರೂ ಆಡುತ್ತಿದ್ದವನು ಒಂದಕ್ಷರ ಆಡಲಿಲ್ಲ. ಎಲ್ಲರ ಮಕ್ಕಳೂ ಹಾಗೇ ಮಾಡುತ್ತಿದ್ದುದರಿಂದ ನಮಗೆ ಅದು ಹೊಸದಾಗಿ ಕಾಣಲಿಲ್ಲ. “ಬೇಡ ಅಂತ ಹೇಳು, ಬೇಡ ಅಂತ!” ಎಂದು ಸೌಟಿನಲ್ಲಿ ಹೊಡೆದಿದ್ದೇನೆ. ಹಾಸಿಗೆ ಒದ್ದೆ ಮಾಡತೊಡಗಿದ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಹುಳದ ಔಷಧಿ ಕೊಟ್ಟರು. ಕನ್ನಡ ಮರೆಯುತ್ತಿದ್ದಾನೆ ಎಂದು ನಾನೇ ಹೋಗಿ ಮಾಸ್ಟ್ರ ಹತ್ತಿರ ಬೇಡಿಕೊಂಡೆ. ಬುಧವಾರವೂ ಕಳಿಸಿದೆ.

ಒಂದು ಆದಿತ್ಯವಾರ ಕಡುಬು ಬೇಯಿಸಿ ಮಾಸ್ಟ್ರಿಗೆಂದು ಡಬ್ಬಿಯಲ್ಲಿ ಒಯ್ದೆ. ಬಾಗಿಲಲ್ಲಿ ಚಪ್ಪಲಿಗಳಿದ್ದವು. ಎಲ್ಲವೂ ಹುಡುಗರವು. ಪಾಠ ಶುರುವಾದಾಗ ನನ್ನ ಮಗಳಲ್ಲದೆ ಇನ್ನೆರಡು ಮನೆಯ ಹೆಣ್ಣುಮಕ್ಕಳೂ ಬರುತ್ತಿದ್ದರು. ಜಗುಲಿಯಲ್ಲಿ ಹುಡುಗರು ತಲೆ ತಗ್ಗಿಸಿ ಕಾಪಿ ಬರೆಯುತ್ತಿದ್ದರು. ನನ್ನ ಮಗ ಅವರಲ್ಲಿ ಇರಲಿಲ್ಲ. ಒಳಕೋಣೆಯ ಬಾಗಿಲು ಎಳೆದಿತ್ತು. ದೂಡಿದೆ. ಕಂಡದ್ದನ್ನು ಬರೆಯುವುದಿಲ್ಲ. ಮಗ ಓಡಿಬಂದ. ನನ್ನ ಸೊಂಟ ಹಿಡಿಯುತ್ತಾನೆಂದು ಡಬ್ಬಿ ಕೆಳಗಿಟ್ಟೆ. ನನ್ನನ್ನು ದಾಟಿ ಮನೆಗೆ ಓಡಿದ. ಜಗುಲಿಯ ಹುಡುಗರನ್ನೂ ಅವರವರ ಮನೆಗೆ ಅಟ್ಟಿ ನಾನು ಹೋಗುವಷ್ಟರಲ್ಲಿ ಅಕ್ಕನ ಹಿಂದೆ ನಿಂತಿದ್ದ.

ಅಲ್ಲಿಂದ ಸೀದಾ ಆಚೆ ಬೀದಿಯ ಕನ್ನಡದ ಮನೆಗೆ ಹೋದೆ. ಆಕೆ ಅಕ್ಕಿ ಆರಿಸುತ್ತಿದ್ದಳು.

“ಮಗಳನ್ನು ಪಾಠದಿಂದ ಯಾಕೆ ಬಿಡಿಸಿದ್ರಿ?”

“ಡ್ಯಾನ್ಸ್ ಕ್ಲಾಸು ಅಲ್ವಾ...”

“ಸುಳ್ಳು ಬೇಡ ಮಾರಾಯ್ತಿ. ನಾನು ಹೊಲಿಗೆ ಅಂತ ಸುಳ್ಳು ಹೇಳಿದವಳು.”

ಅವಳು ಮೊರ ಬದಿಗಿಟ್ಟಳು. “ನಿಮಗೂ ಗೊತ್ತಿತ್ತಾ?” ಎಂದಳು.

“ಹುಡುಗನನ್ನು ಯಾಕೆ ಕಳಿಸ್ತಾ ಇದ್ರಿ?”

“ಗಂಡಲ್ವಾ, ಅವನಿಗೆಂತ ಅಂತ...”

ನನ್ನದೇ ಮಾತು. ಮೂರನೆಯ ಮನೆಯಲ್ಲಿ ಮಗಳಿಗೆ ಜ್ವರದ ನೆವ ಹೇಳಿದ್ದರು. ಆ ಮನೆಯ ಹುಡುಗನೂ ಜಗುಲಿಯಲ್ಲಿದ್ದ. ಮೂವರಲ್ಲಿ ಒಬ್ಬಳು ಬಾಯಿಬಿಟ್ಟಿದ್ದರೆ ಸಾಕಿತ್ತು.

ಸಂಜೆ ಗಂಡಸರು ಸೇರಿದರು. ಪೊಲೀಸು ಎಂದೆ. “ಮಕ್ಕಳ ಮಾನ ಹೋಗ್ತದೆ, ಸುಮ್ನಿರು” ಎಂದರು ನಮ್ಮ ಮನೆಯವರು. ವಾರದೊಳಗೆ ಮಾಸ್ಟ್ರನ್ನು ರೈಲು ಹತ್ತಿಸಿದರು. ಯಾರಿಗೂ ಅನುಮಾನ ಬಾರದಿರಲಿ ಎಂದು ಶಾಲೂ ಹೊದಿಸಿದರಂತೆ. ಅವನು ಇಳಿದ ಊರಿನಲ್ಲೂ ಮಕ್ಕಳಿದ್ದರು. ಅದು ಎಲ್ಲರಿಗೂ ಗೊತ್ತಿತ್ತು.

ಮಗನಿಗೆ ಈಗ ಅರವತ್ತು ದಾಟಿದೆ. ಆ ವಿಷಯ ನಾವಿಬ್ಬರೂ ಎತ್ತಿದ್ದಿಲ್ಲ. ಅವನು ಮತ್ತೆ ಕನ್ನಡ ಆಡಲಿಲ್ಲ, ನಾನೂ ಆಡು ಎನ್ನುವುದನ್ನು ಬಿಟ್ಟೆ. ಪಕ್ಕದ ಮನೆಯವಳ ಹತ್ತಿರ ಮಲಯಾಳ ಕಲಿತೆ.

ಮೊಮ್ಮಗಳು ಮಗಳ ಮಗಳು. ತನ್ನ ತಾಯಿಯದು ಅವಳಿಗೆ ಮೊದಲೇ ಗೊತ್ತು, ತಾಯಿಯೇ ಹೇಳಿದ್ದಳು. ಕಾಗದದಲ್ಲಿ ಹೆಣ್ಣು, ಒಂಬತ್ತು ವರ್ಷ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದಳು.

“ಮುಚ್ಚಳ ತೆಗಿ,” ಎಂದೆ. “ಗಂಡು, ಆರು ವರ್ಷ. ಅದನ್ನೂ ಬರಿ. ನಿನ್ನ ಮಾವ.”

ಹೇಳಿದ ಮೇಲೆ ನನಗೆ ಹೊಳೆಯಿತು, ಅವನ ಒಪ್ಪಿಗೆ ಬೇಕಲ್ಲವೇ? ಫೋನ್ ಮಾಡಿ ಕೇಳಿದೆ, ನನ್ನ ಹರಕು ಮಲಯಾಳದಲ್ಲಿ. ಬರೆಯಲಿ ಎಂದ. ಬರೀ ಆರು ಅಲ್ಲ, ಆರರಿಂದ ಏಳು ತುಂಬುವವರೆಗೂ ಎಂದು ಬರೆಯಬೇಕು ಎಂದ.