ರಾಜನ ಹಣೆಗೆ ಕುಂಕುಮ

"ರೀ, ಮುಟ್ಬೇಡಿ!" ಎಂದು ಹೆಂಡತಿ ಕೂಗುವಷ್ಟರಲ್ಲಿ ನಾನು ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಾಗಿತ್ತು.

ಬೆಳ್ಳಿ ದಿನೇ ದಿನೇ ಏರುತ್ತಿದೆ, ದೀಪಾವಳಿಗೆ ಮೊದಲೇ ಒಂದು ಪ್ರೂಫ್ ನಾಣ್ಯ ಕೊಂಡಿಡೋಣ ಎಂದು ನಾವಿರುವ ಡಚ್ ಊರು ನೈಮೆಗನ್‌ನ ನಾಣ್ಯದಂಗಡಿಗೆ ಹೋಗಿದ್ದೆವು. ಸಂಗ್ರಹಕ್ಕೆಂದೇ ಕನ್ನಡಿಯಂತೆ ಟಂಕಿಸುವ ಇವುಗಳ ಮೇಲೆ ಒಂದು ಬೆರಳಚ್ಚು ಬಿದ್ದರೂ ಬೆಲೆ ಇಳಿಯುತ್ತದೆಂದು ಗೊತ್ತಿತ್ತು. ಆದರೆ ಮೇಲಿರುವುದು ಇಲ್ಲಿನ ರಾಜನ ಮುಖವಾದರೂ ಬೆಳ್ಳಿ ನಮಗೆ ಲಕ್ಷ್ಮಿಯೇ ಅಲ್ಲವೇ? ಹೊಳಪಿನ ನಡುವೆ ನನ್ನ ಹೆಬ್ಬೆರಳ ಗುರುತು ಕಂಡು, ಇನ್ನು ಪೂರ್ತಿ ಬೆಲೆ ತೆತ್ತು ಇದನ್ನೇ ಕೊಳ್ಳಬೇಕೇನೋ ಎಂದುಕೊಂಡೆ.

ಅಂಗಡಿಯ ಮುದುಕ ನಕ್ಕುಬಿಟ್ಟ. ಅದು ಗಿರಾಕಿಗಳು ಮುಟ್ಟಿ ನೋಡಲೆಂದೇ ಹೊರಗಿಟ್ಟ ನಾಣ್ಯವಂತೆ; ಮಾರುವುದು ಡಬ್ಬಿಯಲ್ಲಿ ಮುಚ್ಚಿಟ್ಟದ್ದನ್ನಂತೆ. ಹೋದ ಜೀವ ಬಂದಂತಾಯಿತು. ಅವನು ಡಬ್ಬಿ ತೆಗೆಯುತ್ತಿದ್ದಂತೆ ಹೆಂಡತಿ ನನ್ನ ತೋಳು ಹಿಡಿದಳು.

"ಅದು ಬೇಡ ರೀ, ಇದನ್ನೇ ಕೊಡ್ತಾರಾ ಕೇಳಿ. ಮುಟ್ಟೋಕೇ ಆಗದಿರೋ ಲಕ್ಷ್ಮೀನ ಮನೇಲಿಟ್ಕೊಂಡು ಏನ್ ಮಾಡೋದು?"

ಬರೀ ಬೆಳ್ಳಿಯ ಬೆಲೆಗೆ ಕೊಟ್ಟ. ಈಗ ಅದು ನಮ್ಮ ದೇವರ ಮುಂದಿದೆ, ರಾಜನ ಹಣೆಗೆ ದಿನವೂ ಕುಂಕುಮ. ಎದ್ದೊಡನೆ ಮೊಬೈಲಿನಲ್ಲಿ ಬೆಳ್ಳಿಯ ದರ ನೋಡುವ ನನ್ನ ಚಟ ಬಿಟ್ಟುಹೋಗಿದೆ. ನಾಣ್ಯವನ್ನು ಕಣ್ಣಿಗೊತ್ತಿಕೊಂಡು ನಿರಾಳವಾಗಿ ಆಫೀಸಿಗೆ ಹೊರಡುತ್ತೇನೆ.